ಬೆಲೆ ಏರಿಸಿದ ಹಣ ಯಾರದು?

ಮುಂಬಯಿಯ ಓವಲ್ ಮೈದಾನದ ಅಂಚಿಗೆ, ವಿಶ್ವವಿದ್ಯಾಲಯದ ಅಂಗಳದಲ್ಲಿರುವ ರಾಜಾಬಾಯಿ ಗೋಪುರವನ್ನು ಈ ಪತ್ರಿಕೆಯ ಓದುಗರಲ್ಲಿ ಬಹಳಷ್ಟು ಜನ ನೋಡಿದ್ದೀರಿ. 280 ಅಡಿ ಎತ್ತರದ ಗಡಿಯಾರದ ಗೋಪುರ. ಅದರ ಬಗ್ಗೆ ಊರೆಲ್ಲ ಹೇಳುವ ಕಥೆಯೂ ನಿಮಗೆ ಗೊತ್ತಿರಬಹುದು. ಪ್ರೇಮ್‌ಚಂದ್ ರಾಯ್‌ಚಂದ್ ಎಂಬ ಜೈನ ವ್ಯಾಪಾರಿಯ ತಾಯಿಗೆ ಕಣ್ಣು ಕಾಣುತ್ತಿರಲಿಲ್ಲ. ಸೂರ್ಯಾಸ್ತದೊಳಗೆ ಊಟ ಮುಗಿಸಬೇಕಾದ ಆಕೆಗೆ ಹೊತ್ತು ತಿಳಿಯಲೆಂದು ಮಗ ಗಂಟೆಯ ಗೋಪುರ ಕಟ್ಟಿಸಿದ, ಅದಕ್ಕೆ ಆಕೆಯದೇ ಹೆಸರಿಟ್ಟ ಎಂದು. ಕಥೆ ಚೆನ್ನಾಗಿದೆ. ಆದರೆ ಆ ಮಗ ಗೋಪುರಕ್ಕೆ 2 ಲಕ್ಷ, ಪಕ್ಕದ ಗ್ರಂಥಾಲಯಕ್ಕೆ 2 ಲಕ್ಷ ಕೊಡಲು ಒಪ್ಪಿದ ವರ್ಷ 1864 ಎಂಬುದನ್ನು ಯಾವ ಗೈಡೂ ಒತ್ತಿ ಹೇಳುವುದಿಲ್ಲ. ಗೋಪುರ ಪೂರ್ತಿಯಾದದ್ದು 1878ರಲ್ಲಿ. ನಡುವಿನ ಹದಿನಾಲ್ಕು ವರ್ಷಗಳಲ್ಲಿ ಈ ಊರಿನ ಸಾವಿರಾರು ಮನೆಗಳು ಮುಳುಗಿಹೋಗಿದ್ದವು.

ಇತಿಹಾಸ ನನ್ನ ಓದಿನ ವಿಷಯವಲ್ಲ. ಎಂ.ಟೆಕ್. ಮಾಡಿದ್ದು ಕಂಪ್ಯೂಟರಿನಲ್ಲಿ, ಇಪ್ಪತ್ತು ವರ್ಷದಿಂದ ಮಾಡುತ್ತಿರುವುದು ಬ್ಯಾಂಕುಗಳ ಸಾಫ್ಟ್‌ವೇರಿನ ಕೆಲಸ. ಊರು ಅಣ್ಣಿಗೇರಿ, ವಾಸ ಡೊಂಬಿವಲಿ. ಈ ಎರಡು ಊರುಗಳ ನಡುವೆ ಹತ್ತಿಯ ಒಂದು ಹಳೆಯ ನೂಲು ಇದೆಯೆಂದು ಗೊತ್ತಾದ ಮೇಲೆ 1865ರ ಕುಸಿತದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ಓದುತ್ತ ಹೋದಂತೆ ನನಗೆ ಕುತೂಹಲ ಹುಟ್ಟಿಸಿದ್ದು ಬೆಲೆ ಎಷ್ಟು ಏರಿತು, ಎಷ್ಟು ಇಳಿಯಿತು ಎಂಬ ಲೆಕ್ಕವಲ್ಲ. ಬೆಲೆ ಏರಿಸಲು ಬಳಸಿದ ಹಣ ಯಾರದು ಎಂಬ ಪ್ರಶ್ನೆ.

ಏಕೆಂದರೆ ದೊಡ್ಡ ಕುಳಗಳು ಷೇರಿನ ಬೆಲೆ ಆಡಿಸುವುದರಲ್ಲಿ ಎರಡು ಬಗೆ ಇದೆ. ಒಂದು, ತನ್ನದೇ ದುಡ್ಡಿನ ಬಲದಿಂದ ಆಡಿಸುವುದು. ಜೇನ್ ಸ್ಟ್ರೀಟ್ ಎಂಬ ಅಮೆರಿಕದ ಕಂಪನಿಯ ಮೇಲೆ 2025ರ ಜುಲೈ 3ರಂದು ಸೆಬಿ ಹೊರಡಿಸಿದ ಮಧ್ಯಂತರ ಆದೇಶದಲ್ಲಿರುವ ಆರೋಪ ಈ ಬಗೆಯದು: ಬೆಳಿಗ್ಗೆ ಬ್ಯಾಂಕ್ ನಿಫ್ಟಿಯ ಷೇರುಗಳನ್ನು ಭಾರೀ ಪ್ರಮಾಣದಲ್ಲಿ ಕೊಂಡು ಸೂಚ್ಯಂಕವನ್ನು ಎತ್ತಿ ಹಿಡಿಯುವುದು, ಅದೇ ಹೊತ್ತಿನಲ್ಲಿ ಆಪ್ಷನ್ಸ್ ಪೇಟೆಯಲ್ಲಿ ಅದು ಬೀಳುತ್ತದೆಂದು ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡ ಬಾಜಿ ಕಟ್ಟುವುದು, ಮಧ್ಯಾಹ್ನ ಷೇರುಗಳನ್ನು ಮಾರಿ ಬೀಳಿಸುವುದು. ಸೆಬಿ 4,843 ಕೋಟಿ ರೂಪಾಯಿಯನ್ನು ತಡೆಹಿಡಿಯಿತು. ಕಂಪನಿ ಆರೋಪವನ್ನು ಒಪ್ಪಿಲ್ಲ. ಅದರ ಗೊಡವೆ ಈ ಲೇಖನಕ್ಕಿಲ್ಲ. ಇಲ್ಲಿ ಹೇಳಹೊರಟಿರುವುದು ಎರಡನೆಯ, ಹಳೆಯ ಬಗೆ. ಅಲ್ಲಿ ಬೆಲೆ ಏರಿಸುವವನ ಕೈಯಲ್ಲಿರುವುದು ಅವನ ಹಣವಲ್ಲ, ಯಾವುದೋ ಬ್ಯಾಂಕಿನ ಹಣ. ಅಂದರೆ ಸುತ್ತಿ ಬಳಸಿ ನೋಡಿದರೆ, ಕೊನೆಗೆ ಆ ಷೇರನ್ನು ದುಬಾರಿ ಬೆಲೆಗೆ ಕೊಂಡು ಕೈಸುಟ್ಟುಕೊಳ್ಳುವ ಸಣ್ಣವರ, ಅಥವಾ ಅವರ ನೆರೆಯವರ, ಹಣ.

1861ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿಕೊಂಡಿತು. ಉತ್ತರದವರು ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿದರು. ಅಮೆರಿಕದ ಹತ್ತಿಯನ್ನೇ ನೆಚ್ಚಿದ್ದ ಲ್ಯಾಂಕಾಶೈರಿನ ಗಿರಣಿಗಳು ಹಸಿದು ಕೂತವು. ಬೇರೆ ಎಲ್ಲಿ ಹತ್ತಿ ಸಿಕ್ಕೀತು ಎಂದು ಹುಡುಕಿದವರಿಗೆ ಕಂಡದ್ದು ಗುಜರಾತ್, ವರ್ಹಾಡ ಮತ್ತು ನಮ್ಮ ಧಾರವಾಡ. ಧಾರವಾಡ ಸೀಮೆಯಲ್ಲಿ 1840ರ ದಶಕದಿಂದಲೇ ಅಮೆರಿಕದ ನ್ಯೂ ಆರ್ಲಿಯನ್ಸ್ ತಳಿಯನ್ನು ಬೆಳೆಸುವ ಪ್ರಯತ್ನ ಕೈಗೂಡಿತ್ತು. ಲಿವರ್‌ಪೂಲಿನ ಪೇಟೆಯಲ್ಲಿ ಅದಕ್ಕೆ ‘ಧಾರವಾಡ ಅಮೆರಿಕನ್’ ಎಂದೇ ಹೆಸರು. ಆ ಹತ್ತಿಯನ್ನು ಘಟ್ಟ ಇಳಿಸಿ ನೇರ ಹಡಗಿಗೆ ಹೇರಬೇಕೆಂದು ಮ್ಯಾಂಚೆಸ್ಟರಿನ ವ್ಯಾಪಾರಿಗಳು ಕಾರವಾರದ ಬಂದರಿಗಾಗಿ ಹಟ ಹಿಡಿದರು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸ್ ಪ್ರಾಂತದಿಂದ ಬಿಡಿಸಿ ಬಾಂಬೆ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಈ ಹಟವೂ ಇತ್ತು. ಕಾರವಾರದವರು ನೂರು ವರ್ಷ ಮುಂಬಯಿಗೆ ಅರ್ಜಿ ಬರೆಯುತ್ತ ಕೂರಬೇಕಾದದ್ದಕ್ಕೆ ಅಮೆರಿಕದ ಯುದ್ಧವೂ ಒಂದು ಕಾರಣ ಎಂದರೆ ನಂಬುವುದು ಕಷ್ಟ. ಆದರೆ ನಿಜ.

ಹತ್ತಿಯ ಬೆಲೆ ಹುಚ್ಚುಹುಚ್ಚಾಗಿ ಏರಿತು. ಹಾಸಿಗೆ ದಿಂಬು ಹರಿದು ಹಳೆಯ ಹತ್ತಿಯನ್ನೂ ಹಡಗಿಗೆ ಹಾಕಿದರೆಂದು ಆ ಕಾಲದವರು ಬರೆದಿದ್ದಾರೆ. ಯುದ್ಧ ನಡೆದ ವರ್ಷಗಳಲ್ಲಿ ಬಾಂಬೆಗೆ ಹತ್ತಿಯಿಂದ ವಾಡಿಕೆಗಿಂತ ಹೆಚ್ಚಾಗಿ ಬಂದ ಹಣ ಸುಮಾರು 8 ಕೋಟಿ 10 ಲಕ್ಷ ಪೌಂಡು ಎಂಬುದು ಆಗಿನ ಅಂದಾಜು. ಆಗಿನ ಲೆಕ್ಕದಲ್ಲಿ ಪೌಂಡಿಗೆ ಹತ್ತು ರೂಪಾಯಿ. ಅಂದರೆ 81 ಕೋಟಿ ರೂಪಾಯಿ, 1860ರ ದಶಕದ ರೂಪಾಯಿ.

ಇಷ್ಟು ಹಣ ಬಂದಿಳಿದ ಊರಿನಲ್ಲಿ ಅದನ್ನು ತೊಡಗಿಸಲು ಜಾಗವಿರಲಿಲ್ಲ. ಹತ್ತಿ ಗಿರಣಿಗಳು ಬೆರಳೆಣಿಕೆಯಷ್ಟು. ಹೊಲ ಕೊಳ್ಳಲು ಬಾಂಬೆಯಲ್ಲಿ ಹೊಲ ಎಲ್ಲಿದೆ? ಹೀಗಾಗಿ ಕಂಪನಿಗಳು ಹುಟ್ಟಿದವು, ಮಳೆಗಾಲದ ಅಣಬೆಯಂತೆ. 1865ರ ಜನವರಿ ಹೊತ್ತಿಗೆ ಈ ಒಂದು ಊರಿನಲ್ಲಿ 31 ಬ್ಯಾಂಕುಗಳು, 16 ‘ಫೈನಾನ್ಷಿಯಲ್ ಅಸೋಸಿಯೇಷನ್’ಗಳು, 8 ಭೂಮಿ ಕಂಪನಿಗಳು, 20 ವಿಮಾ ಕಂಪನಿಗಳು ಇದ್ದವು. ಆ ಫೈನಾನ್ಷಿಯಲ್ ಅಸೋಸಿಯೇಷನ್‌ಗಳ ಕೆಲಸವೇನೆಂದರೆ ಷೇರುಗಳ ಮೇಲೆ ಸಾಲ ಕೊಡುವುದು. ಅವುಗಳಿಗೂ ಷೇರುಗಳಿದ್ದವು. ಆ ಷೇರುಗಳ ಮೇಲೆ ಬ್ಯಾಂಕುಗಳು ಸಾಲ ಕೊಡುತ್ತಿದ್ದವು. ಬ್ಯಾಂಕುಗಳ ಷೇರಿನ ಮೇಲೆ ಈ ಅಸೋಸಿಯೇಷನ್‌ಗಳು ಸಾಲ ಕೊಡುತ್ತಿದ್ದವು. ಟೌನ್ ಹಾಲಿನ ಎದುರಿನ ಮರಗಳ ಕೆಳಗೆ ನಿಂತು ವ್ಯಾಪಾರ ಮಾಡುತ್ತಿದ್ದ ದಲಾಲರ ಸಂಖ್ಯೆ ಇನ್ನೂರು ದಾಟಿತು.

ಎಲ್ಲಕ್ಕಿಂತ ದೊಡ್ಡ ಹೆಸರು ಬ್ಯಾಕ್ ಬೇ ರಿಕ್ಲಮೇಷನ್ ಕಂಪನಿಯದು. ಊರಿನ ಪಶ್ಚಿಮದ ಸಮುದ್ರವನ್ನು ತುಂಬಿ ನೆಲ ಮಾಡಿ ಮಾರುವುದು ಅದರ ಯೋಜನೆ. ಯೋಜನೆ ಹುಚ್ಚಿನದೇನಲ್ಲ, ಮುಂದೆ ಅರ್ಧ ಶತಮಾನ ಕಳೆದ ಮೇಲೆ ಮರೀನ್ ಡ್ರೈವ್ ಹುಟ್ಟಿದ್ದು ಇದೇ ಕನಸಿನ ಬಾಲ ಹಿಡಿದು. ಆದರೆ 1864ರಲ್ಲಿ ಸಮುದ್ರ ಸಮುದ್ರವಾಗಿಯೇ ಇತ್ತು. 5,000 ರೂಪಾಯಿ ಕಟ್ಟಿದ ಷೇರು ಮಾತ್ರ 50,000ಕ್ಕೆ ಮಾರಾಟವಾಗುತ್ತಿತ್ತು.

ಇದು ಹೇಗೆ ಸಾಧ್ಯ? ಜನರ ದುರಾಸೆ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಬಹಳ ಪುಸ್ತಕಗಳು ಹಾಗೇ ಮಾಡುತ್ತವೆ. ನನಗೆ ಆ ವಿವರಣೆ ಸಾಲದು. ದುರಾಸೆ ಎಲ್ಲ ಕಾಲದಲ್ಲೂ ಇದೆ, ಬೆಲೆ ಹತ್ತು ಪಟ್ಟಾಗುವುದು ಎಲ್ಲ ಕಾಲದಲ್ಲೂ ಆಗುವುದಿಲ್ಲ. ಅದರ ಯಂತ್ರವನ್ನು ಬಿಚ್ಚಿ ನೋಡಬೇಕು.

ಮೊದಲ ಹಲ್ಲುಚಕ್ರ ‘ಅಲಾಟ್‌ಮೆಂಟ್’. ಕಂಪನಿ ಹುಟ್ಟುವಾಗ ಯಾರಿಗೆ ಎಷ್ಟು ಷೇರು ಎಂದು ಪ್ರವರ್ತಕರು ನಿರ್ಧರಿಸುತ್ತಿದ್ದರು. ಬಹುಪಾಲು ತಮಗೆ, ತಮ್ಮವರಿಗೆ, ತಮಗೆ ಬೇಕಾದ ಅಧಿಕಾರಿಗಳಿಗೆ. ಪೇಟೆಗೆ ಬಿಡುತ್ತಿದ್ದದ್ದು ಚೂರು. ಪ್ರೇಮ್‌ಚಂದ್ ರಾಯ್‌ಚಂದ್ ಅಲಾಟ್‌ಮೆಂಟಿನ ದೊರೆ. ಸೂರತ್ತಿನವ, ಇಂಗ್ಲಿಷ್ ಬಲ್ಲ ಮೊದಲ ದೇಶಿ ದಲಾಲರಲ್ಲಿ ಒಬ್ಬ, ಕಾಗದ ಪೆನ್ಸಿಲ್ಲಿಲ್ಲದೆ ಲೆಕ್ಕವನ್ನೆಲ್ಲ ತಲೆಯಲ್ಲೇ ಇಟ್ಟುಕೊಳ್ಳುತ್ತಿದ್ದ ಎಂಬ ಮಾತಿದೆ. ಅವನ ಒಂದು ಚೀಟಿ ಸಿಕ್ಕರೆ ಸಾಕು, ದುಡ್ಡು ಹಾಕದೆಯೇ ಪ್ರೀಮಿಯಂ ಕೈಗೆ ಬರುತ್ತಿತ್ತು. ಬೆಳಿಗ್ಗೆಯಿಂದ ಅವನ ಮನೆಯ ಮುಂದೆ ದೊಡ್ಡವರೂ ಸಣ್ಣವರೂ ಕಾದಿರುತ್ತಿದ್ದರು.

ಎರಡನೆಯ ಹಲ್ಲುಚಕ್ರ ‘ಟೈಮ್ ಬಾರ್ಗೇನ್’, ಅಂದರೆ ಮುಂದಿನ ಒಂದು ದಿನಾಂಕಕ್ಕೆ ಇಂದೇ ಬೆಲೆ ಗೊತ್ತುಮಾಡಿಕೊಳ್ಳುವ ವಾಯಿದೆ ವ್ಯಾಪಾರ. ಇಂಥ ಒಪ್ಪಂದಗಳಲ್ಲಿ ಬಹಳಷ್ಟು 1865ರ ಜುಲೈ 1ಕ್ಕೆ ಕೂಡಿಬಂದಿದ್ದವು.

ಮೂರನೆಯದು ಬ್ಯಾಂಕು, ಮತ್ತು ಇದೇ ಮುಖ್ಯ. ಒಂದು ಉದಾಹರಣೆ ಕಟ್ಟಿ ಹೇಳುತ್ತೇನೆ. ನಿಮ್ಮ ಬಳಿ 5,000 ಕೊಟ್ಟು ಪಡೆದ ಹತ್ತು ಷೇರುಗಳಿವೆ. ಪೇಟೆಯಲ್ಲಿ ಷೇರೇ ಇಲ್ಲದ್ದರಿಂದ ನಿಮ್ಮ ಗೆಳೆಯನಿಗೆ ಒಂದನ್ನು 10,000ಕ್ಕೆ ಮಾರುತ್ತೀರಿ. ಈಗ ‘ಪೇಟೆ ದರ’ 10,000. ಉಳಿದ ಒಂಬತ್ತನ್ನು ಬ್ಯಾಂಕಿಗೆ ಒಯ್ದು ಆ ದರದ ಮೇಲೆ ಸಾಲ ಎತ್ತುತ್ತೀರಿ. ಆ ಸಾಲದಿಂದ ಅದೇ ಷೇರುಗಳನ್ನು ಕೊಳ್ಳುತ್ತೀರಿ. ಕೊಳ್ಳುವವರಿರುವುದರಿಂದ ದರ 15,000. ಮತ್ತೆ ಬ್ಯಾಂಕಿಗೆ ಹೋಗುತ್ತೀರಿ. ಬ್ಯಾಂಕಿನ ಪುಸ್ತಕದಲ್ಲಿ ಎಲ್ಲ ಸರಿಯಾಗಿದೆ, ಸಾಲಕ್ಕಿಂತ ಒತ್ತೆಯ ಬೆಲೆ ಸದಾ ಹೆಚ್ಚು. ಆ ಒತ್ತೆಯ ಬೆಲೆಯನ್ನು ಹುಟ್ಟಿಸಿದ್ದು ತನ್ನದೇ ಸಾಲ ಎಂಬ ಅಂಕಣ ಮಾತ್ರ ಪುಸ್ತಕದಲ್ಲಿಲ್ಲ. ಹೊರಗೆ ನಿಂತು ನೋಡುವ ಗುಮಾಸ್ತನಿಗೆ, ಮೇಷ್ಟ್ರಿಗೆ, ಅಂಗಡಿಯವನಿಗೆ ಕಾಣುವುದು ಬೆಲೆಯೊಂದೇ. ಅವನು ಉಳಿತಾಯ ಹಿಡಿದು ಬರುವ ಹೊತ್ತಿಗೆ ದರ 40,000. ನೀವು ಅವನಿಗೆ ಮಾರುತ್ತೀರಿ.

ಈ ಚಕ್ರ ತಿರುಗಲು ಒಂದು ದೊಡ್ಡ, ಗೌರವಸ್ಥ ಬ್ಯಾಂಕು ಬೇಕಿತ್ತು. ಅದು ಬ್ಯಾಂಕ್ ಆಫ್ ಬಾಂಬೆ. 1840ರಲ್ಲಿ ಸ್ಥಾಪನೆಯಾದದ್ದು. ಸರ್ಕಾರವೇ ಷೇರುದಾರ, ಕೆಲವು ನಿರ್ದೇಶಕರನ್ನು ಸರ್ಕಾರವೇ ನೇಮಿಸುತ್ತಿತ್ತು. ಹಳೆಯ ಸನ್ನದಿನಲ್ಲಿ ಷೇರುಗಳ ಮೇಲೆ ಸಾಲ ಕೊಡುವಂತಿರಲಿಲ್ಲ. ಆದರೆ ನೋಟು ಅಚ್ಚು ಹಾಕುವ ಹಕ್ಕನ್ನು 1862ರಲ್ಲಿ ಸರ್ಕಾರ ಪ್ರೆಸಿಡೆನ್ಸಿ ಬ್ಯಾಂಕುಗಳಿಂದ ತನ್ನ ಕೈಗೆ ತೆಗೆದುಕೊಂಡಿತು. ಆ ನಷ್ಟಕ್ಕೆ ಬದಲಾಗಿ ವ್ಯವಹಾರದ ಕಟ್ಟುಗಳನ್ನು ಸಡಿಲಿಸಿತು. 1863ರ ಹೊಸ ಕಾಯಿದೆಯಲ್ಲಿ ಷೇರುಗಳ ಮೇಲೆ ಸಾಲ ಕೊಡಲು ಬ್ಯಾಂಕ್ ಆಫ್ ಬಾಂಬೆಗೆ ದಾರಿ ತೆರೆಯಿತು. ಪ್ರೇಮ್‌ಚಂದ್ ಬ್ಯಾಂಕಿನ ಕಾರ್ಯದರ್ಶಿಯ ವಿಶ್ವಾಸ ಗಳಿಸಿಕೊಂಡಿದ್ದ. ಅವನಿಗೂ ಅವನು ಬೊಟ್ಟು ಮಾಡಿದವರಿಗೂ ಸಾಲ ಹರಿಯಿತು.

ಇಲ್ಲಿ ಒಂದು ಸಂಗತಿ ನನ್ನನ್ನು ಬಹಳ ದಿನ ಕಾಡಿತು. ಅದೇ 1863ರಲ್ಲಿ ಬಾಂಬೆ ಸರ್ಕಾರ ಇನ್ನೊಂದು ಕಾಯಿದೆ ಮಾಡಿತು, ಹತ್ತಿ ವಂಚನೆ ತಡೆ ಕಾಯಿದೆ. ಹತ್ತಿಯ ಅಂಡಿಗೆಯಲ್ಲಿ ಬೀಜ, ಕಸ ಬೆರೆಸಿದರೆ, ಜವಾರಿ ಹತ್ತಿಯನ್ನು ಅಮೆರಿಕನ್ ಎಂದು ಮಾರಿದರೆ ಶಿಕ್ಷೆ. ಜಿಲ್ಲೆ ಜಿಲ್ಲೆಗೆ ಇನ್ಸ್‌ಪೆಕ್ಟರುಗಳು ಬಂದರು. ಧಾರವಾಡದ ಒಕ್ಕಲಿಗ, ಹುಬ್ಬಳ್ಳಿಯ ಅಡತಿ ವ್ಯಾಪಾರಿ ಒಂದು ಹಿಡಿ ಬೀಜ ಬೆರೆಸಿದರೆ ಅದು ಅಪರಾಧ. ಆ ಹತ್ತಿಯ ಲಾಭದ ಮೇಲೆ ಎದ್ದ ಕಾಗದದ ಮಹಲಿನಲ್ಲಿ ಏನು ಬೆರೆತಿದೆ ಎಂದು ನೋಡಲು ಒಬ್ಬ ಇನ್ಸ್‌ಪೆಕ್ಟರೂ ಇರಲಿಲ್ಲ. ಇದನ್ನು ಬ್ರಿಟಿಷರ ಕುತಂತ್ರವೆಂದು ಹೇಳುವ ಆಸೆ ನನಗಿಲ್ಲ, ಮುಂದೆ ನಮ್ಮದೇ ಸರ್ಕಾರಗಳ ಕಾಲಕ್ಕೆ ಬರುವವರಿದ್ದೇವೆ.

1865ರ ಏಪ್ರಿಲ್ 9ರಂದು ವರ್ಜೀನಿಯದಲ್ಲಿ ಜನರಲ್ ಲೀ ಶರಣಾದ. ಸುದ್ದಿ ಬಾಂಬೆ ಮುಟ್ಟುತ್ತಲೇ ಹತ್ತಿ ಬಿತ್ತು. ಹತ್ತಿ ಬಿದ್ದ ಮೇಲೆ ಷೇರು ಕೊಳ್ಳುವವರಿಲ್ಲ. ಮೇ ತಿಂಗಳಲ್ಲೇ ದೊಡ್ಡ ಮನೆತನಗಳ ದಿವಾಳಿ ಶುರುವಾಯಿತು. ಜುಲೈ 1 ಬಂತು. ವಾಯಿದೆಯಂತೆ ಹಣ ಕೊಡಬೇಕಾದವರಲ್ಲಿ ಹಣವಿಲ್ಲ, ಷೇರು ಕೊಡಬೇಕಾದವರಿಂದ ಅದನ್ನು ಪಡೆಯುವ ಮನಸ್ಸು ಯಾರಿಗೂ ಇಲ್ಲ. ಎಲ್ಲರೂ ಎಲ್ಲರಿಗೂ ಸಾಲಗಾರರು. ಮಾಮೂಲಿ ಕಾನೂನಿನಲ್ಲಿ ಈ ಗಂಟು ಬಿಡಿಸಲಾಗದೆ ಸರ್ಕಾರ ಅದೇ ವರ್ಷ ದಿವಾಳಿಗೆಂದೇ ಒಂದು ವಿಶೇಷ ಕಾಯಿದೆ ತರಬೇಕಾಯಿತು. ಜಮ್‌ಶೆಟ್‌ಜಿ ಟಾಟಾ ಆಗ ಲಂಡನ್ನಿನಲ್ಲಿ ಬ್ಯಾಂಕು ಸ್ಥಾಪಿಸುವ ತಯಾರಿಯಲ್ಲಿದ್ದ ಯುವಕ. ಆ ಬ್ಯಾಂಕು ಹುಟ್ಟಲೇ ಇಲ್ಲ. ಟಾಟಾ ಮನೆತನವೂ ಮನೆ ಮಾರಿ ಸಾಲ ತೀರಿಸಬೇಕಾಯಿತು.

50,000ಕ್ಕೆ ಮಾರಿದ್ದ ಬ್ಯಾಕ್ ಬೇ ಷೇರು 2,000ಕ್ಕೂ ಕೆಳಗಿಳಿಯಿತು. ಅದನ್ನಾದರೂ ಜೂಜು ಎನ್ನಬಹುದು. 2,850 ರೂಪಾಯಿ ಮುಟ್ಟಿದ್ದ ಬ್ಯಾಂಕ್ ಆಫ್ ಬಾಂಬೆಯ ಷೇರು 87 ರೂಪಾಯಿಗೆ ಬಂದದ್ದನ್ನು ಏನೆನ್ನಬೇಕು? ಬ್ಯಾಕ್ ಬೇಯ ಗೊಡವೆಯೇ ಬೇಡವೆಂದು, ಸರ್ಕಾರಿ ಬ್ಯಾಂಕು ಭದ್ರ ಎಂದು ನಂಬಿ ಆ ಷೇರನ್ನು ಪೆಟ್ಟಿಗೆಯಲ್ಲಿಟ್ಟುಕೊಂಡವರು ಯಾವ ಜೂಜೂ ಆಡಿರಲಿಲ್ಲ. ಅವರ ಪರವಾಗಿ, ಅವರಿಗೆ ಗೊತ್ತಿಲ್ಲದೆ, ಬ್ಯಾಂಕು ಆಡಿತ್ತು.

ಇನ್ನೊಂದು ಪೆಟ್ಟನ್ನು ಇಂದಿನ ಹೂಡಿಕೆದಾರರು ಊಹಿಸುವುದೂ ಕಷ್ಟ. ಆಗಿನ ಷೇರುಗಳು ಪೂರ್ತಿ ಹಣ ಕಟ್ಟಿದವಲ್ಲ. ಮುಖಬೆಲೆಯ ಒಂದು ಭಾಗ ಕಟ್ಟಿದರೆ ಸಾಕು, ಉಳಿದದ್ದನ್ನು ಕಂಪನಿ ಕೇಳಿದಾಗ ಕೊಡಬೇಕು. ಕಂಪನಿ ಮುಳುಗಿದ ಮೇಲೂ ಈ ‘ಕಾಲ್’ ಬರುತ್ತಿತ್ತು, ಲಿಕ್ವಿಡೇಟರನಿಂದ. ಷೇರಿನ ಬೆಲೆ ಸೊನ್ನೆಯಾದರೆ ಕಥೆ ಮುಗಿಯಿತೆಂದು ಇಂದು ನಾವು ಸಮಾಧಾನ ಮಾಡಿಕೊಳ್ಳುತ್ತೇವೆ. ಅವರಿಗೆ ಸೊನ್ನೆಯ ಕೆಳಗೂ ಮೆಟ್ಟಿಲುಗಳಿದ್ದವು. ದಿನ್ಶಾ ವಾಚಾ, 1901ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾದವರು, ಈ ಕುಸಿತದ ಕಾಲಕ್ಕೆ ಇಪ್ಪತ್ತರ ಹರೆಯದಲ್ಲಿದ್ದರು. ನಾಲ್ಕೂವರೆ ದಶಕ ಕಳೆದ ಮೇಲೆ, 1910ರಲ್ಲಿ, ಇದರ ಬಗ್ಗೆಯೇ ಒಂದು ಪುಸ್ತಕ ಬರೆದರು. ಒಂದು ಪೇಟೆಯ ಕುಸಿತ ಒಬ್ಬ ಮನುಷ್ಯನ ತಲೆಯಲ್ಲಿ ಅಷ್ಟು ವರ್ಷ ಉಳಿಯಿತೆಂದರೆ ಏಟು ಎಂಥದೆಂದು ಊಹಿಸಬಹುದು.

ಬ್ಯಾಂಕ್ ಆಫ್ ಬಾಂಬೆ 1868ರಲ್ಲಿ ಮುಚ್ಚಿತು. ಸರ್ ಚಾರ್ಲ್ಸ್ ಜಾಕ್ಸನ್ ಅಧ್ಯಕ್ಷತೆಯಲ್ಲಿ ಆಯೋಗ ಕೂತಿತು. ಕಾಯಿದೆ ಸಡಿಲವಾದದ್ದು, ಆ ಸಡಿಲಿಕೆಯನ್ನು ಬ್ಯಾಂಕಿನ ಕಾರ್ಯದರ್ಶಿಗಳು ದುರುಪಯೋಗ ಮಾಡಿದ್ದು, ನಿರ್ದೇಶಕರ ಉದಾಸೀನ, ಕಾಲವೇ ವಿಪರೀತವಾಗಿದ್ದದ್ದು, ಹೀಗೆ ಅದು ಕಾರಣಗಳನ್ನು ಕೊಟ್ಟಿತು. ಕೊನೆಯ ಕಾರಣ ನನಗೆ ಪರಿಚಿತ. ಪ್ರಾಜೆಕ್ಟ್ ಹಳ್ಳ ಹಿಡಿದಾಗ ನಾವು ಬರೆಯುವ ವರದಿಗಳಲ್ಲೂ ‘ಅಸಾಧಾರಣ ಸನ್ನಿವೇಶ’ ಎಂಬುದೊಂದು ಸಾಲು ಇದ್ದೇ ಇರುತ್ತದೆ.

ಪ್ರೇಮ್‌ಚಂದನೂ ಮುಳುಗಿದ. ಅವನನ್ನು ಬರಿಯ ಖಳನಾಗಿ ಚಿತ್ರಿಸುವುದು ಅನ್ಯಾಯ ಅನ್ನಿಸುತ್ತದೆ. ಒಳ್ಳೆಯ ದಿನಗಳಲ್ಲಿ ಕೈಬಿಚ್ಚಿ ದಾನ ಮಾಡಿದ. ಕಲ್ಕತ್ತಾ ವಿಶ್ವವಿದ್ಯಾಲಯದ ಪ್ರಸಿದ್ಧ ವಿದ್ಯಾರ್ಥಿವೇತನ ಇವತ್ತಿಗೂ ಅವನ ಹೆಸರಿನಲ್ಲಿದೆ. ಬಿದ್ದ ಮೇಲೆ ಊರು ಬಿಟ್ಟು ಓಡಲಿಲ್ಲ, ಮತ್ತೆ ಹತ್ತಿ ವ್ಯಾಪಾರಕ್ಕೆ ಇಳಿದ, 1906ರ ತನಕ ಬದುಕಿದ. ಬಾಗಿಲು ತಟ್ಟಿದವನು ಅವನು, ಸರಿ. ಆದರೆ ಬಾಗಿಲು ಕಾಯಲು ಸಂಬಳ ಪಡೆಯುತ್ತಿದ್ದವರು ಒಳಗಿದ್ದರು.

ಬ್ಯಾಕ್ ಬೇ ಕಂಪನಿ ತುಂಬಿದ್ದ ಒಂದಿಷ್ಟು ನೆಲವನ್ನು ಸರ್ಕಾರ ವಹಿಸಿಕೊಂಡಿತು. ಅದರ ಮೇಲೆ ಬಿ.ಬಿ. ಅಂಡ್ ಸಿ.ಐ. ರೈಲ್ವೆಯ ಹಳಿ ಬಂತು, ಇಂದಿನ ಪಶ್ಚಿಮ ರೈಲ್ವೆ.

ಕೆಲವು ವರ್ಷದ ಹಿಂದೆ ಒಂದು ಬ್ಯಾಂಕಿಗೆ, ಹೆಸರು ಬೇಡ, ಷೇರುಗಳ ಮೇಲೆ ಸಾಲ ಕೊಡುವ ಮಾಡ್ಯೂಲ್ ಬರೆದುಕೊಟ್ಟೆವು. ನೂರು ರೂಪಾಯಿಯ ಷೇರಿಗೆ ಐವತ್ತು ಸಾಲ, ದರ ಇಳಿದರೆ ತಾನಾಗಿ ಎಚ್ಚರಿಕೆ, ಎಲ್ಲ ಚೊಕ್ಕ. ಸಾಲಗಾರರು ಒಂದೇ ಗುಂಪಿನವರೇ ಎಂದು ಗುರುತಿಸುವ ಒಂದು ಅಂಕಣವನ್ನೂ ಇಟ್ಟಿದ್ದೆವು. ಕಡ್ಡಾಯ ಮಾಡೋಣವೆಂದು ನಮ್ಮ ತಂಡ ಹೇಳಿತು. ಶಾಖೆಯವರಿಗೆ ತೊಂದರೆಯಾಗುತ್ತದೆ, ಐಚ್ಛಿಕವಾಗಿರಲಿ ಎಂದು ಅವರ ಕಡೆಯಿಂದ ಉತ್ತರ ಬಂತು. ಆ ಅಂಕಣ ಬಹುಪಾಲು ಖಾಲಿಯೇ ಇರುತ್ತದೆ. ಒಬ್ಬ ನಮೂದಿಸಬೇಕು, ಇನ್ನೊಬ್ಬ ಪರಿಶೀಲಿಸಬೇಕು ಎಂಬ ಮೇಕರ್-ಚೆಕರ್ ನಿಯಮವನ್ನು ನಾವು ಪ್ರತಿ ಪರದೆಯಲ್ಲೂ ಹಾಕುತ್ತೇವೆ. ಇಬ್ಬರೂ ಒಂದೇ ಕಡೆಯವರಾದರೆ ಸಾಫ್ಟ್‌ವೇರು ಏನು ಮಾಡಬೇಕು?

ಮುಂಬಯಿಯಿಂದ ಹುಬ್ಬಳ್ಳಿಗೆ ಬಸ್ಸಿನಲ್ಲಿ ಹೋಗುವವರಿಗೆ ಕರಾಡ ಗೊತ್ತು. ಸಾತಾರಾ ದಾಟಿದ ಮೇಲೆ ಬರುವ ಊರು. ಈ ಊರಿನ ಹೆಸರಿನ ಒಂದು ಸಣ್ಣ ಬ್ಯಾಂಕಿತ್ತು, ಬ್ಯಾಂಕ್ ಆಫ್ ಕರಾಡ. 1992ರಲ್ಲಿ ದೇಶದ ಷೇರುಪೇಟೆಯನ್ನು ಆಕಾಶಕ್ಕೆ ಎತ್ತಿದ್ದರಲ್ಲಿ ಇದರ ಕಾಗದಗಳಿಗೂ ಪಾಲಿತ್ತು.

ಹರ್ಷದ್ ಮೆಹ್ತಾ ಕಥೆಯನ್ನು ವೆಬ್ ಸರಣಿಯಲ್ಲಿ ಎಲ್ಲರೂ ನೋಡಿದ್ದೀರಿ, ಆದ್ದರಿಂದ ಯಂತ್ರದ ಭಾಗವನ್ನಷ್ಟೇ ಹೇಳುತ್ತೇನೆ. ಬ್ಯಾಂಕುಗಳು ತಮ್ಮಲ್ಲಿರುವ ಸರ್ಕಾರಿ ಸಾಲಪತ್ರಗಳನ್ನು ಇನ್ನೊಂದು ಬ್ಯಾಂಕಿಗೆ ಕೆಲವು ದಿನಗಳ ಮಟ್ಟಿಗೆ ಮಾರಿ ಮತ್ತೆ ಕೊಳ್ಳುತ್ತಿದ್ದವು. ಹೆಸರಿಗೆ ಮಾರಾಟ, ನಿಜದಲ್ಲಿ ಕೈಸಾಲ. ಸಾಲಪತ್ರದ ಬದಲು ‘ಬ್ಯಾಂಕ್ ರಸೀತಿ’ ಎಂಬ ಕಾಗದ ಕೊಟ್ಟರೂ ನಡೆಯುತ್ತಿತ್ತು. ನಡುವೆ ದಲಾಲ. ಕಾಲಕ್ರಮೇಣ ಚೆಕ್ಕು ದಲಾಲನ ಖಾತೆಗೇ ಹೋಗತೊಡಗಿತು. ಬ್ಯಾಂಕ್ ಆಫ್ ಕರಾಡ ಮತ್ತು ಮೆಟ್ರೊಪಾಲಿಟನ್ ಕೋ-ಆಪರೇಟಿವ್ ಬ್ಯಾಂಕುಗಳು ಹಿಂದೆ ಸಾಲಪತ್ರವೇ ಇಲ್ಲದ ರಸೀತಿಗಳನ್ನು ಬರೆದುಕೊಟ್ಟವು. ಆ ರಸೀತಿ ತೋರಿಸಿ ದೊಡ್ಡ ಬ್ಯಾಂಕುಗಳಿಂದ ತಂದ ಹಣ ಷೇರುಪೇಟೆಗೆ ಹರಿಯಿತು. ಎ.ಸಿ.ಸಿ. ಸಿಮೆಂಟಿನ ಷೇರು ಸುಮಾರು 200ರಿಂದ 9,000ದ ಆಸುಪಾಸಿಗೆ ಹೋಯಿತು. ಇಂಥ ಕಂಪನಿಯನ್ನು ಇಂದು ಹೊಸದಾಗಿ ಕಟ್ಟಲು ಎಷ್ಟು ಖರ್ಚಾದೀತೋ ಅದೇ ಅದರ ಬೆಲೆ ಎಂದು ಒಂದು ಸಿದ್ಧಾಂತವೂ ಹುಟ್ಟಿಕೊಂಡಿತು. ಬೆಲೆ ಏರಿದ ಮೇಲೆ ಸಿದ್ಧಾಂತ ಬರುವುದು ವಾಡಿಕೆ.

ಸೆನ್ಸೆಕ್ಸ್ 1992ರ ಏಪ್ರಿಲ್ 22ರಂದು 4,467 ಮುಟ್ಟಿತು. ಮರುದಿನ ಟೈಮ್ಸ್ ಆಫ್ ಇಂಡಿಯಾದಲ್ಲಿ ಸುಚೇತಾ ದಲಾಲ್ ವರದಿ ಬಂತು, ಸ್ಟೇಟ್ ಬ್ಯಾಂಕಿನ 500 ಕೋಟಿಯ ಬಗ್ಗೆ. ಒಂದು ವರ್ಷದಲ್ಲಿ ಸೂಚ್ಯಂಕ ಅರ್ಧಕ್ಕಿಂತ ಕೆಳಗಿತ್ತು. ಜಾನಕಿರಾಮನ್ ಸಮಿತಿ ಲೆಕ್ಕ ಹಾಕಿದ ಕಂದಕ 4,000 ಕೋಟಿಯಷ್ಟು. ಅದರ ವರದಿಗಳಲ್ಲಿ ಬಂದ ಹೆಸರುಗಳಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕಿನ ಅಂಗಸಂಸ್ಥೆ ಕ್ಯಾನ್‌ಫಿನಾ ಕೂಡ ಇತ್ತು. ಹಳೆಯ ಬ್ಯಾಂಕ್ ಆಫ್ ಬಾಂಬೆಯ ಜಾಗದಲ್ಲಿ ಅದೇ ಹೆಸರಿನ ಹೊಸ ಬ್ಯಾಂಕು ಬಂದು, 1921ರಲ್ಲಿ ಇಂಪೀರಿಯಲ್ ಬ್ಯಾಂಕಿಗೆ ಸೇರಿ, ಅದು 1955ರಲ್ಲಿ ಸ್ಟೇಟ್ ಬ್ಯಾಂಕ್ ಆಯಿತು. ಅಂದರೆ 1992ರಲ್ಲಿ ಪೆಟ್ಟು ತಿಂದದ್ದು ಒಂದು ಲೆಕ್ಕದಲ್ಲಿ ಅದೇ ಮನೆತನ.

ಈ ಪ್ರಕರಣದಲ್ಲಿ ಸಣ್ಣ ಷೇರುದಾರರಿಗೆ ಆದ ಒಂದು ವಿಶೇಷ ತೊಂದರೆಯನ್ನು ಬಹಳ ಜನ ಮರೆತಿದ್ದಾರೆ. ವಿಶೇಷ ನ್ಯಾಯಾಲಯದ ಕಾಯಿದೆ ಬಂದು ಆರೋಪಿಗಳ ಆಸ್ತಿಯೆಲ್ಲ ಜಪ್ತಿಯಾಯಿತು. ಅವರ ಕೈದಾಟಿ ಬಂದ ಷೇರುಗಳಿಗೆ ‘ಕಳಂಕಿತ’ ಎಂಬ ಮುದ್ರೆ ಬಿತ್ತು. ಅವನ್ನು ಪೇಟೆಯಲ್ಲಿ ನ್ಯಾಯವಾಗಿ ದುಡ್ಡು ಕೊಟ್ಟು ಕೊಂಡಿದ್ದವರ ಹೆಸರಿಗೆ ವರ್ಗಾಯಿಸಲು ಕಂಪನಿಗಳಿಗೆ ಬರುತ್ತಿರಲಿಲ್ಲ. ಡಿಮ್ಯಾಟ್ ಇಲ್ಲದ ಕಾಲ. ಹುಬ್ಬಳ್ಳಿಯಲ್ಲಿ ಹೈಸ್ಕೂಲು ಗುಮಾಸ್ತರಾಗಿದ್ದ ನನ್ನ ಚಿಕ್ಕಪ್ಪ 1992ರ ಆರಂಭದಲ್ಲಿ ಒಂದು ಕಂಪನಿಯ ಐವತ್ತು ಷೇರು ಕೊಂಡಿದ್ದರು. ಪತ್ರಗಳು ವರ್ಗಾವಣೆಯಾಗದೆ ಅಂಚೆಯಲ್ಲಿ ಹಿಂದಿರುಗಿದವು. ಮಾರುವಂತಿಲ್ಲ, ಡಿವಿಡೆಂಡ್ ಇಲ್ಲ, ದಲಾಲ ಅಂಗಡಿ ಮುಚ್ಚಿದ್ದ. ಮುಂಬಯಿಯಲ್ಲಿರುವ ಕಸ್ಟೋಡಿಯನ್ ಕಚೇರಿಗೆ ಅರ್ಜಿ ಮೇಲೆ ಅರ್ಜಿ ಬರೆದರು. ಇಂಗ್ಲಿಷ್ ಅರ್ಜಿಗಳ ಕರಡನ್ನು ತಿದ್ದಿಕೊಡುವ ಕೆಲಸ, ಹೈಸ್ಕೂಲು ಓದುತ್ತಿದ್ದ ನನ್ನದು. ವರ್ಷಗಳ ನಂತರ ಷೇರು ಅವರ ಹೆಸರಿಗಾಯಿತು, ಅಷ್ಟರಲ್ಲಿ ಅದರ ಬೆಲೆ ಬಸ್ ಚಾರ್ಜಿಗೂ ಸಾಲುತ್ತಿರಲಿಲ್ಲ. ಅವರಿಗೆ ನಷ್ಟದ ದುಃಖಕ್ಕಿಂತ ಆ ಮುದ್ರೆಯ ಸಿಟ್ಟು ಹೆಚ್ಚಿತ್ತು. “ಕದ್ದವರು ಅವರು, ಕಳಂಕ ನನ್ನ ಕಾಗದಕ್ಕೆ” ಎನ್ನುತ್ತಿದ್ದರು.

ಹಗರಣದ ನಂತರ ಸೆಬಿಗೆ ಹಲ್ಲು ಬಂತು, ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜ್ ಬಂತು, ಕಂಪ್ಯೂಟರು ಬಂತು. ಕಾಗದದ ರಸೀತಿಯ ಆಟ ನಿಂತಿತು. ಒಂಬತ್ತೇ ವರ್ಷಕ್ಕೆ ಅದೇ ಯಂತ್ರ ಮತ್ತೆ ಓಡಿತು.

ನಾವು ಬಿ.ಇ. ಓದುತ್ತಿದ್ದ ದಿನಗಳು. 1999, 2000. ಸಾಫ್ಟ್‌ವೇರ್ ಎಂಬ ಪದ ಹೆಸರಿನಲ್ಲಿದ್ದರೆ ಸಾಕು, ಷೇರು ಏರುತ್ತಿತ್ತು. ಹಾಸ್ಟೆಲಿನ ಮೆಸ್ಸಿನಲ್ಲಿ ಹುಡುಗರು ಪೆಂಟಾಮೀಡಿಯ, ಸಿಲ್ವರ್‌ಲೈನ್, ಎಚ್.ಎಫ್.ಸಿ.ಎಲ್. ಎಂದು ಕ್ರಿಕೆಟ್ ಸ್ಕೋರಿನಂತೆ ದರ ಹೇಳುತ್ತಿದ್ದರು. ಇವು ‘ಕೆ-10’, ಕೇತನ್ ಪಾರೇಖ್ ಎಂಬ ದಲಾಲನ ಮೆಚ್ಚಿನ ಷೇರುಗಳು. ತನ್ನವೇ ಬೇರೆ ಬೇರೆ ಹೆಸರಿನ ಸಂಸ್ಥೆಗಳ ನಡುವೆ ಷೇರುಗಳನ್ನು ಸುತ್ತಿಸಿ ದರ ಏರಿಸುವುದು, ಏರಿದ ದರಕ್ಕೆ ಅವನ್ನು ಒತ್ತೆಯಿಟ್ಟು ಸಾಲ ತರುವುದು. 1864ರ ಚಕ್ರವೇ, ಕಂಪ್ಯೂಟರು ಪರದೆಯ ಮೇಲೆ. 1865ರ ಟೈಮ್ ಬಾರ್ಗೇನಿನ ಮರಿಮಗನಂತಿದ್ದ ಬದ್ಲಾ ಪದ್ಧತಿ ಜೊತೆಗಿತ್ತು, ಅದನ್ನು 2001ರ ಜುಲೈನಲ್ಲಿ ನಿಷೇಧಿಸಿದರು.

ಈ ಸಲ ಹಣ ಕೊಟ್ಟದ್ದರಲ್ಲಿ ಮುಖ್ಯವಾದದ್ದು ಅಹಮದಾಬಾದಿನ ಮಾಧವಪುರ ಮರ್ಕೆಂಟೈಲ್ ಕೋ-ಆಪರೇಟಿವ್ ಬ್ಯಾಂಕು, ಮುಂಬಯಿಯ ಮಾಂಡ್ವಿ ಶಾಖೆಯ ಮೂಲಕ. ಸಹಕಾರಿ ಬ್ಯಾಂಕು. ಠೇವಣಿಯಿಟ್ಟವರು ಅಂಗಡಿಯವರು, ನಿವೃತ್ತರು. ಗುಜರಾತಿನ ಹಲವು ಸಣ್ಣ ಸಹಕಾರಿ ಬ್ಯಾಂಕುಗಳೂ ತಮ್ಮ ಹೆಚ್ಚುವರಿ ಹಣವನ್ನು ಅಲ್ಲೇ ಇಟ್ಟಿದ್ದವು. ನೂರಾರು ಕೋಟಿ ಸಾಲ ಒಂದೇ ಗುಂಪಿಗೆ ಹೋಯಿತು. 2001ರ ಮಾರ್ಚಿನಲ್ಲಿ ಪೇಟೆ ಮುರಿದುಬಿತ್ತು. ಮಾಧವಪುರ ಬರೆದುಕೊಟ್ಟಿದ್ದ, ಬ್ಯಾಂಕ್ ಆಫ್ ಇಂಡಿಯಾ ನಗದು ಮಾಡಿಕೊಟ್ಟಿದ್ದ 137 ಕೋಟಿ ರೂಪಾಯಿಯ ಪೇ ಆರ್ಡರುಗಳು ವಾಪಸ್ಸಾದವು. ಠೇವಣಿದಾರರು ಬಾಗಿಲಿಗೆ ಬಂದಾಗ ಕೊಡಲು ಹಣವಿರಲಿಲ್ಲ. ಅವರಲ್ಲಿ ಎಷ್ಟು ಜನ ಜೀವಮಾನದಲ್ಲಿ ಒಂದು ಷೇರು ಕೊಂಡಿದ್ದಾರು?

ಕೇತನ್ ಪಾರೇಖ್‌ಗೆ ಸೆಬಿ 14 ವರ್ಷ ಪೇಟೆಯ ಬಾಗಿಲು ಮುಚ್ಚಿತು. ಆ ಅವಧಿ ಮುಗಿದು ವರ್ಷಗಳಾದ ಮೇಲೆ, 2025ರ ಜನವರಿ 2ರಂದು, ದೊಡ್ಡ ವಿದೇಶಿ ಹೂಡಿಕೆದಾರರ ಆರ್ಡರುಗಳ ಸುಳಿವು ಮೊದಲೇ ಪಡೆದು ವ್ಯಾಪಾರ ಮಾಡಿಸಿದ ಆರೋಪದಲ್ಲಿ ಸೆಬಿಯ ಇನ್ನೊಂದು ಮಧ್ಯಂತರ ಆದೇಶದಲ್ಲಿ ಅದೇ ಹೆಸರು ಕಾಣಿಸಿಕೊಂಡಿತು.

ಮಾಧವಪುರ ಬ್ಯಾಂಕನ್ನು ಉಳಿಸುವ ಯೋಜನೆಗಳು ಬಂದವು, ಹೋದವು. ರಿಸರ್ವ್ ಬ್ಯಾಂಕ್ ಅದರ ಪರವಾನಗಿಯನ್ನು ರದ್ದು ಮಾಡಿದ್ದು 2012ರ ಜೂನ್‌ನಲ್ಲಿ. ಆಗ ಠೇವಣಿ ವಿಮೆಯ ಮಿತಿ ತಲೆಗೆ ಗರಿಷ್ಠ 1 ಲಕ್ಷ ರೂಪಾಯಿ. ಆ ಮಿತಿಯನ್ನು ಗೊತ್ತುಮಾಡಿದ್ದು 1993ರಲ್ಲಿ, ಹರ್ಷದ್ ಮೆಹ್ತಾ ಹಗರಣದ ಮರುವರ್ಷ. ಹನ್ನೊಂದು ವರ್ಷ ಕಾದ ಠೇವಣಿದಾರರು ವಿಮೆಯ ಅರ್ಜಿ ತುಂಬುವಾಗ ಅವರಲ್ಲಿ ಕೆಲವರ ಜಾಗದಲ್ಲಿ ಮಕ್ಕಳು ಸಹಿ ಹಾಕಬೇಕಾಯಿತು.